ಹಿಮದ ಕೋಟಿನ ನಾಲ್ಕು ಇಂಚು

ನಾನು ಹಾಕಿದ ಕತ್ತರಿ ತಪ್ಪಿತು ಎಂದು ನಾನೇ ಒಪ್ಪಿಕೊಂಡ ಸಂದರ್ಭ ಒಂದೇ ಒಂದು. ನನ್ನ ಗಂಡನನ್ನು ಕೇಳಿದರೆ ಅದೂ ಇಲ್ಲ ಎನ್ನುತ್ತಾರೆ. ಅವರಿಗೆ ಈ ಕಥೆ ಪೂರ್ತಿ ಗೊತ್ತಿಲ್ಲ.

ದುಬೈಯ ಅಲ್ ಕೂಜ್‌ನಲ್ಲಿ ನಾಟಕ, ಜಾಹೀರಾತು, ಪ್ರದರ್ಶನಗಳಿಗೆ ವೇಷ ಹೊಲಿದುಕೊಡುವ ಒಂದು ವರ್ಕ್‌ಶಾಪಿನಲ್ಲಿ ನಾನು ಕಟ್ಟರ್. ಮೆಷಿನ್ ತುಳಿಯುವವರು ಬೇರೆ. ಅಳತೆ ತೆಗೆದು, ಕಾಗದದಲ್ಲಿ ನಮೂನೆ ಬರೆದು, ಬಟ್ಟೆಗೆ ಕತ್ತರಿ ಹಾಕುವವಳು ನಾನು. ಕಳೆದ ವರ್ಷ ಆಗಸ್ಟಿನಲ್ಲಿ ನಮಗೆ ಅಬುಧಾಬಿಯಿಂದ ಒಂದು ಆರ್ಡರ್ ಬಂತು. ಶಾಲೆ ಮಕ್ಕಳಿಗಾಗಿ ಮೂರು ತಿಂಗಳ ಪ್ರದರ್ಶನ. ಉತ್ತರ ಧ್ರುವದ ಹತ್ತಿರ, ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಬದುಕಿದ ಎರಡು ಜನಾಂಗಗಳ ಕುರಿತು. ಒಂದು ಕಡೆಯವರು ಯುರೋಪಿನಿಂದ ಹಡಗಿನಲ್ಲಿ ಹೋಗಿ ದನ, ಕುರಿ ಸಾಕಿಕೊಂಡು ನಾನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ನೆಲೆಸಿ, ಕಡೆಗೆ ಇಲ್ಲವಾದ ನಾರ್ಸ್ ಜನ. ಇನ್ನೊಂದು ಕಡೆಯವರು ಸೀಲ್ ಬೇಟೆಯಾಡುತ್ತಾ ಅದೇ ಚಳಿಯಲ್ಲಿ ಇವತ್ತಿಗೂ ಇರುವ ಇನುಯಿಟ್ ಜನ. ಒಬ್ಬರು ಯಾಕೆ ಉಳಿದರು, ಇನ್ನೊಬ್ಬರು ಯಾಕೆ ಅಳಿದರು ಎಂಬುದೇ ಪ್ರದರ್ಶನದ ಪ್ರಶ್ನೆ.

ನಮ್ಮ ಪಾಲಿಗೆ ಬಂದದ್ದು ಎರಡು ಉಡುಪು. ನಾರ್ಸ್ ಹೆಂಗಸಿನ ಉಣ್ಣೆಯ ನಿಲುವಂಗಿ, ಬೊಂಬೆಗೆ ತೊಡಿಸಲು. ಇನುಯಿಟ್ ಹೆಂಗಸಿನ ಚರ್ಮದ ಕೋಟು, ಜೀವಂತ ಹೆಂಗಸಿಗೆ ತೊಡಿಸಲು. ಹಾಲ್‌ನ ನಡುವೆ ಗಾಜಿನ ಒಂದು ಕೋಣೆ, ಒಳಗೆ ಮೈನಸ್ ಹದಿನೈದು ಡಿಗ್ರಿ. ಆ ಕೋಟು ಹಾಕಿಕೊಂಡ ಗೈಡ್ ಒಬ್ಬಳು ಒಳಗೆ ಇಪ್ಪತ್ತೈದು ನಿಮಿಷ ಕೂತು, ಕಲ್ಲಿನ ದೀಪ ಹೊತ್ತಿಸಿ, ಮೂಳೆಯ ಸೂಜಿಗೆ ನೂಲು ಪೋಣಿಸಿ, ಎರಡು ತುಂಡು ಚರ್ಮ ಹೊಲಿದು ತೋರಿಸಬೇಕು. ಮಕ್ಕಳು ಗಾಜಿನ ಹೊರಗೆ ನಿಂತು ನೋಡಬೇಕು, ಕೊನೆಗೆ ಜಾಕೆಟ್ ಹಾಕಿಕೊಂಡು ಎರಡು ನಿಮಿಷ ಒಳಗೆ ಹೋಗಿಬರಬೇಕು.

ಆ ಗೈಡ್ ಕಾರ್ಕಳ ಕಡೆಯ ಹುಡುಗಿ. ಊರಲ್ಲಿ ಬಾಲವಾಡಿ ಟೀಚರ್ ಆಗಿದ್ದವಳು, ಮಕ್ಕಳಿಗೆ ಕಥೆ ಹೇಳುವುದರಲ್ಲಿ ಎತ್ತಿದ ಕೈ. ಅಳತೆ ಕೊಡಲು ವರ್ಕ್‌ಶಾಪಿಗೆ ಬಂದ ದಿನ ನನ್ನ ಮಾತು ಕೇಳಿ ಅವಳ ಮುಖ ಅರಳಿತು.

"ಅಕ್ಕ, ನೀವು ಊರಿನವರಾ? ನಾನು ಹಿಂದಿಯಲ್ಲಿ ಎಂತ ಹೇಳುದು ಅಂತ ದಾರಿಯಲ್ಲಿ ಪ್ರಾಕ್ಟೀಸ್ ಮಾಡಿಕೊಂಡು ಬಂದದ್ದು."

"ಉಳ್ಳಾಲ. ಕೈ ಎತ್ತು. ಉಸಿರು ಹಿಡಿಬೇಡ."

ಅವಳ ಪ್ರೊಬೇಷನ್ ಮುಗಿಯಲು ಸ್ವಲ್ಪ ದಿನಗಳಷ್ಟೇ ಉಳಿದಿದ್ದವು. ಈ ಚಳಿಕೋಣೆಯ ಕೆಲಸಕ್ಕೆಂದೇ ಅವಳನ್ನು ತೆಗೆದುಕೊಂಡಿದ್ದರು; ಇದು ನಡೆದರೆ ಕೆಲಸ ಖಾಯಂ, ನಡೆಯದಿದ್ದರೆ ವೀಸಾ ಕ್ಯಾನ್ಸಲ್. ಅಳತೆ ಟೇಪಿನ ಕೆಳಗೆ ನಿಂತೇ ಇದನ್ನೆಲ್ಲ ಹೇಳಿದಳು. ಕಟ್ಟರ್ ಹತ್ತಿರ ಜನ ಹೀಗೆ ಹೇಳಿಕೊಳ್ಳುತ್ತಾರೆ. ಕೈ ಎತ್ತಿ ನಿಂತವರಿಗೆ ಬೇರೆ ಕೆಲಸ ಇರುವುದಿಲ್ಲ.

ಮೊದಲು ನಾರ್ಸ್ ನಿಲುವಂಗಿ ಮುಗಿಸಿದೆ. ಅದನ್ನು ಕತ್ತರಿಸುವುದು ನನಗೆ ಹಬ್ಬವಾಗಿತ್ತು. ಹೆಪ್ಪುಗಟ್ಟಿದ ಮಣ್ಣಿನ ಸಮಾಧಿಗಳಲ್ಲಿ ಅವರ ಬಟ್ಟೆ ಹಾಗೆಯೇ ಉಳಿದಿತ್ತಂತೆ. ಅದನ್ನು ನೋಡಿ ಬರೆದ ನಕ್ಷೆ ನಮಗೆ ಕೊಟ್ಟಿದ್ದರು. ಎದೆ, ಭುಜ ಮೈಗೆ ಹೊಂದಿ ಕೂತು, ಸೊಂಟದ ಕೆಳಗೆ ಎಂಟು ಕಳಿ, ಅಂದರೆ ಕೆಳಗೆ ಅಗಲವಾಗುವ ಮುಮ್ಮೂಲೆ ತುಂಡು, ಸೇರಿಸಿ ನೆರಿಗೆ ಬಿಟ್ಟ ಅಂಗಿ. ತೋಳಿನ ಸುತ್ತು ಎಷ್ಟು ನಾಜೂಕು ಎಂದರೆ, ಅದನ್ನು ಕತ್ತರಿಸಿದವಳು ನನ್ನ ಎದುರು ಇದ್ದಿದ್ದರೆ ಎದ್ದು ನಿಂತು ಚಾ ಕೊಡುತ್ತಿದ್ದೆ. ಜಗತ್ತಿನ ತುದಿಯಲ್ಲಿ ಕೂತು ಹೀಗೆ ಚೆಂದಕ್ಕೆ ಹೊಲಿದವರ ಕುಲವೇ ಇಲ್ಲವಾಯಿತಲ್ಲ ಎಂದು ನಿಜಕ್ಕೂ ಬೇಸರವಾಯಿತು.

ಆಮೇಲೆ ಇನುಯಿಟ್ ಕೋಟಿನ ನಕ್ಷೆ ಬಿಡಿಸಿದೆ. ಮನಸ್ಸು ಇಳಿದುಹೋಯಿತು. ಬೆನ್ನಿಗೆ ಮಗು ಕೂರಿಸುವ ಚೀಲ, ಅದರ ಮೇಲೆ ದೊಡ್ಡ ಟೊಪ್ಪಿ, ಇವು ಸರಿ. ಆದರೆ ಭುಜ! ತೋಳಿನ ಹೊಲಿಗೆ ಭುಜದಿಂದ ಜಾರಿ ರಟ್ಟೆಯ ಮೇಲೆ ಬೀಳುತ್ತಿತ್ತು. ನಕ್ಷೆ ಕಳಿಸಿದವರು ಉತ್ತರದ ದೇಶದ ಒಬ್ಬ ತಜ್ಞೆ, ಆ ಹೆಂಗಸರ ಜೊತೆ ಕೂತು ಹೊಲಿಗೆ ಕಲಿತವರು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಭುಜವನ್ನು ದಯವಿಟ್ಟು ಹೀಗೇ ಇಡಿ."

"ಇದು ಕೋಟಾ, ಅಕ್ಕಿ ಮೂಟೆಯಾ?" ಎಂದು ಪಕ್ಕದ ಮೇಜಿನ ಮಾಸ್ಟರಿಗೆ ತೋರಿಸಿದೆ. ಮಾಸ್ಟರ್ ಕಾಸರಗೋಡಿನವರು, ಇಲ್ಲಿಯ ಗಂಡಸರು ತೊಡುವ ಬಿಳಿ ಕಂದೂರ ಕತ್ತರಿಸಿಯೇ ಅವರ ತಲೆ ನೆರೆತದ್ದು. ನನ್ನ ಬ್ಯಾರಿ ಭಾಷೆಗೂ ಅವರ ಮಲಯಾಳಕ್ಕೂ ಹೆಚ್ಚು ದೂರವಿಲ್ಲ.

"ಬರೆದವರಿಗೆ ಏನೋ ಕಾರಣ ಇರ್ಬೇಕು. ಹಾಗೇ ಬಿಡು," ಎಂದರು.

ಬಿಡಲಿಲ್ಲ. ನನ್ನ ಕೈಯಿಂದ ಹೊರಟ ಬಟ್ಟೆ ಮೈಮೇಲೆ ಜೋಲಾಡಿದ್ದಿಲ್ಲ. ನಮ್ಮ ಡಿಸ್ಕವರಿ ಗಾರ್ಡನ್ಸ್ ಬಿಲ್ಡಿಂಗಿನಲ್ಲಿ ಉಳಿದ ಹೆಂಗಸರು ಮೇಲೆ ತೊಡುವ ಕಪ್ಪು ಅಬಾಯ ನೆಲ ಗುಡಿಸಿದರೆ, ನನ್ನ ಅಬಾಯ ತೋಳು, ಭುಜ, ಬೆನ್ನು ಎಲ್ಲ ಕೂಡಿಸಿಟ್ಟ ಹಾಗೆ ಕೂತಿರುತ್ತದೆ. ಆ ಹುಡುಗಿ ಮಕ್ಕಳ ಎದುರು ಮೂಟೆಯಾಗಿ ನಿಲ್ಲುವುದು ನನಗೆ ಸರಿ ಕಾಣಲಿಲ್ಲ. ಒಂದೊಂದು ಭುಜದಲ್ಲಿ ನಾಲ್ಕು ಇಂಚು ಒಳಗೆ ತಂದೆ, ಕಂಕುಳನ್ನು ಮೇಲೆತ್ತಿದೆ, ತೋಳು ಸಣ್ಣ ಮಾಡಿದೆ.

ಸೀಲ್ ಚರ್ಮ ಸಿಗುವ ಹಾಗಿರಲಿಲ್ಲ. ತುಪ್ಪಟ ಉಳಿಸಿ ಹದ ಮಾಡಿದ ಕುರಿಚರ್ಮ ತಂದಿದ್ದೆವು. ಎರಡು ಪದರ: ಒಳಗಿನದರ ತುಪ್ಪಟ ಮೈ ಕಡೆಗೆ, ಹೊರಗಿನದರ ತುಪ್ಪಟ ಗಾಳಿ ಕಡೆಗೆ. ಚರ್ಮಕ್ಕೆ ಕತ್ತರಿ ಹಾಕಿದರೆ ತುಪ್ಪಟವೂ ತುಂಡಾಗುತ್ತದೆ. ಹಿಂಬದಿಯಿಂದ ಬ್ಲೇಡಿನಲ್ಲಿ ಚರ್ಮವನ್ನಷ್ಟೇ ಗೀರಿ, ಕೂದಲು ಬಿಡಿಸಿಕೊಳ್ಳಬೇಕು. ಗುಂಡುಸೂಜಿ ಚುಚ್ಚುವ ಹಾಗಿಲ್ಲ, ಕ್ಲಿಪ್ ಹಾಕಬೇಕು. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ತೂತು ಮುಚ್ಚುತ್ತದೆ. ಚರ್ಮದಲ್ಲಿ ಸೂಜಿ ಇಳಿದ ತೂತು ತೂತೇ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿರುವಾಗ, ಕುರಿಯ ಕೂದಲು ಮೂಗಿಗೆ ಹೋಗುತ್ತಾ, ಎಂಟು ದಿನ ಅದರಲ್ಲೇ ಮುಳುಗಿದ್ದೆ. ಕೋಟು ಮುಗಿದಾಗ ಕ್ಲೈಂಟ್ ಕಡೆಯವರು ಬಂದು ನೋಡಿ, ವಾಹ್ ಎಂದು ಸಹಿ ಹಾಕಿ ಹೋದರು.

ಉದ್ಘಾಟನೆಗೆ ಹತ್ತು ದಿನ ಇರುವಾಗ ಅಬುಧಾಬಿಯಲ್ಲಿ ಮೊದಲ ಪರೀಕ್ಷೆ. ಹುಡುಗಿ ಕೋಟು ತೊಟ್ಟು ಗಾಜಿನ ಕೋಣೆಗೆ ಹೋದಳು. ಏನು ಚಂದ ಕಾಣುತ್ತಿದ್ದಳು! ದೀಪ ಹೊತ್ತಿಸುವವರೆಗೆ ಸರಿಹೋಯಿತು. ಸೂಜಿ ಕೈಗೆತ್ತಿಕೊಂಡಾಗ ಬೆರಳು ಮಡಚಲಿಲ್ಲ. ನೂಲು ಮೂರು ಸಲ ಜಾರಿತು. ಉಣ್ಣೆಯ ಕೈಗವಸು ಹಾಕಿದರೆ ಸೂಜಿ ಹಿಡಿಯಲಾಗದು, ತೆಗೆದರೆ ಬೆರಳು ಮರಗಟ್ಟುತ್ತದೆ. ಹನ್ನೊಂದನೇ ನಿಮಿಷಕ್ಕೆ ಹೊರಗೆ ಬಂದಳು. ಬೆರಳ ತುದಿಗಳು ಸುಣ್ಣ ಹಚ್ಚಿದ ಹಾಗೆ ಬಿಳಿಚಿಕೊಂಡಿದ್ದವು.

"ಮೈಗೆ ಚಳಿ ಆಯ್ತಾ?" ಎಂದು ಕೇಳಿದೆ.

"ಮೈಗೂ ಆಯ್ತು ಅಕ್ಕ. ಆದ್ರೆ ಕೈ... ಕೈ ಎಲ್ಲಿ ಇಡುದು ಅಂತ್ಲೇ ಗೊತ್ತಾಗುದಿಲ್ಲ."

ನನಗೆ ಸಿಟ್ಟು ಬಂತು. ನನ್ನ ಹೊಲಿಗೆಯಲ್ಲಿ ಗಾಳಿ ನುಗ್ಗುವ ಸಂದಿ ಇಲ್ಲ, ಎರಡು ಪದರ ತುಪ್ಪಟ ಇದೆ, ಇನ್ನೇನು ಬೇಕು? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದುಬಿಟ್ಟೆ, ಎಲ್ಲರ ಎದುರು. "ಕಾರ್ಕಳದ ಸೆಖೆಯಲ್ಲಿ ಬೆಳೆದವಳು ನೀನು. ಸ್ವಲ್ಪ ಅಭ್ಯಾಸ ಮಾಡ್ಕೊ." ಅವಳು ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಳು. ಆ ಮಾತನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಪ್ರದರ್ಶನದ ಪ್ರಾಜೆಕ್ಟ್ ಮ್ಯಾನೇಜರ್ ಬೆಂಗಳೂರಿನವರು. ಕೆಟ್ಟವರಲ್ಲ, ಆದರೆ ಅವರ ದಿನವೆಲ್ಲ ದಿನಾಂಕಗಳ ಹಿಂದೆ ಓಡುವುದರಲ್ಲೇ ಮುಗಿಯುತ್ತದೆ. "ಒಳಗಡೆ ಬ್ಯಾಟರಿ ವೆಸ್ಟ್ ಹಾಕ್ಸೋಣ ಮೇಡಂ, ಸಿಂಪಲ್," ಎಂದರು. ಮೂರು ದಿನ ಬಿಟ್ಟು ಎರಡನೇ ಪರೀಕ್ಷೆ. ಬಿಸಿ ಹುಟ್ಟಿಸುವ ವೆಸ್ಟು, ಅದರ ಮೇಲೆ ಒಂದು ಸ್ವೆಟರು, ಅದರ ಮೇಲೆ ಮೈಗೆ ಅಂಟಿದ ನನ್ನ ಕೋಟು. ತೋಳು ಎತ್ತಲೂ ಆಗದಂತೆ ಬಿಗಿಯಿತು. ಐದು ನಿಮಿಷಕ್ಕೆ ಬೆವರಿದಳು, ಆ ಬೆವರು ತಣ್ಣಗಾಗಿ ನಡುಗಿದಳು, ಒಂಬತ್ತನೇ ನಿಮಿಷಕ್ಕೆ ಹೊರಗೆ. ಬಟ್ಟೆ ಹೆಚ್ಚಿಸಿದಷ್ಟೂ ಚಳಿ ಹೆಚ್ಚಾಗಿತ್ತು. ಇದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ.

ಮ್ಯಾನೇಜರ್ ನನ್ನನ್ನು ಬದಿಗೆ ಕರೆದರು. "ನೋಡಿ, ಇನ್ನು ಏಳು ದಿನ ಇದೆ. ಕೋಟನ್ನ ಬೊಂಬೆಗೆ ಹಾಕಿ ವಿಡಿಯೋ ತೋರಿಸಿಬಿಡೋಣ. ಭಾನುವಾರದ ಮೀಟಿಂಗಲ್ಲಿ ಫೈನಲ್ ಮಾಡ್ತೀನಿ."

"ಹುಡುಗಿ?"

"ಅವರನ್ನ ಈ ರೋಲ್‌ಗೆ ಅಂತಾನೇ ತಗೊಂಡಿದ್ದು. ನಂಗೂ ಬೇಜಾರೇ. ಆದ್ರೆ ನನ್ನ ಕೈಯಲ್ಲಿ ಇಲ್ಲ."

ಅಂದು ಗುರುವಾರ. ದುಬೈಗೆ ವಾಪಸ್ ಬರುವ ವ್ಯಾನಿನಲ್ಲಿ ಕೂತಾಗ ಅವಳ ಮೆಸೇಜ್ ಬಂತು: "ಅಕ್ಕ, ಕೋಟು ತುಂಬಾ ಚಂದ ಉಂಟು. ನಂದೇ ಕೈ ಸರಿ ಇಲ್ಲ. ನಿಮ್ಮ ಕೆಲಸ ಹಾಳು ಮಾಡಿದೆ, ಸಾರಿ." ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಜೆಬೆಲ್ ಅಲಿ ದಾಟುವವರೆಗೂ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ನನ್ನ ಮಗಳು ಸೋಫಾದ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಹತ್ತು ವರ್ಷ ಅವಳಿಗೆ. ನಮ್ಮ ಬಿಲ್ಡಿಂಗಿನ ಎ.ಸಿ. ನಮ್ಮ ಮಾತು ಕೇಳುವುದಿಲ್ಲ; ಹೊರಗೆ ಬೆಂಕಿ, ಒಳಗೆ ಹಲ್ಲು ಕಡಿಯುವ ತಂಪು. ಅವಳು ಅಪ್ಪನ ಹಳೆಯ ಟೀ ಶರ್ಟ್ ತೊಟ್ಟಿದ್ದಳು. ಎರಡೂ ತೋಳು ಖಾಲಿಯಾಗಿ ಜೋತುಬಿದ್ದಿದ್ದವು. ಕೈಗಳೇ ಇಲ್ಲ. ಪುಸ್ತಕದ ಹಾಳೆ ತಿರುಗಿಸಬೇಕಾದಾಗ ಒಂದು ತೋಳಿನಿಂದ ಕೈ ಹೊರಗೆ ಬರುತ್ತಿತ್ತು, ಹಾಳೆ ತಿರುಗಿಸಿ ಮತ್ತೆ ಒಳಗೆ ಹೋಗಿ ಹೊಟ್ಟೆಯ ಮೇಲೆ ಕೂರುತ್ತಿತ್ತು.

"ನೆಟ್ಟಗೆ ತೋಳಲ್ಲಿ ಕೈ ಹಾಕಿ ಕೂರು. ಕುಂಟರ ಹಾಗೆ ಎಂತ ಅದು?" ಎಂದು ಗದರಿದೆ.

ಅವಳು ತಲೆ ಎತ್ತದೆ ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು. "ಉಮ್ಮ, ಇಟ್ಸ್ ವಾರ್ಮ್ ಇನ್‌ಸೈಡ್. ಮೈ ಹ್ಯಾಂಡ್ಸ್ ಆರ್ ಅಟ್ ಹೋಮ್."

ನಾನು ಅಡುಗೆಮನೆಗೆ ಎರಡು ಹೆಜ್ಜೆ ಇಟ್ಟವಳು ತಿರುಗಿ ನಿಂತೆ. "ಈ ಟಾಪಿನಲ್ಲಿ ಹಾಗೆ ಮಾಡಿ ತೋರಿಸು," ಎಂದು ನಾನು ಹೊಲಿದ ಅವಳ ಕುರ್ತಾ ತಂದುಕೊಟ್ಟೆ. ಅವಳು ತೊಟ್ಟು, ಮೊಣಕೈ ಒಳಗೆ ಎಳೆಯಲು ನೋಡಿದಳು. ಕಂಕುಳಲ್ಲಿ ಸಿಕ್ಕಿಬಿದ್ದಿತು. "ಕಾಂಟ್. ಯು ಮೇಡ್ ಇಟ್ ಟೂ ನೈಸ್," ಎಂದಳು.

ನಕ್ಷೆಯ ಫೋಟೋ ಫೋನಿನಲ್ಲಿತ್ತು. ರಟ್ಟೆಗೆ ಜಾರಿದ ಆ ಭುಜ. ನಾನು ಅಕ್ಕಿ ಮೂಟೆ ಎಂದು ನಕ್ಕ ಭುಜ. ಮೊಣಕೈ ಮಡಚಿ ಒಳಗೆ ಎಳೆದುಕೊಳ್ಳಲು ಎಷ್ಟು ಜಾಗ ಬೇಕೋ ಅಷ್ಟೇ ಅಗಲ ಅದಕ್ಕಿತ್ತು. ಕುಣಿಯಲಾರದವಳು ಅವಳಲ್ಲ. ನೆಲವನ್ನೇ ಡೊಂಕು ಮಾಡಿ ಕೊಟ್ಟವಳು ನಾನು.

ಮಧ್ಯಾಹ್ನ ವರ್ಕ್‌ಶಾಪಿನಿಂದ ತಜ್ಞೆಗೆ ವಿಡಿಯೋ ಕಾಲ್ ಮಾಡಿದೆ. ನೆರೆತ ಕೂದಲಿನ, ನಿಧಾನ ಮಾತಿನ ಹೆಂಗಸು. ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಬೈಯದೆ ವಿವರಿಸಿದರು. ಆ ಕೋಟಿನೊಳಗೆ ಹೆಂಗಸು ತೋಳಿನಿಂದ ಕೈ ಹಿಂದಕ್ಕೆಳೆದು ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಬೆನ್ನಿನ ಮಗು ಅತ್ತರೆ ಒಳಗಿನಿಂದಲೇ ಅದನ್ನು ಎದೆಗೆ ತಂದು ಹಾಲು ಕೊಡುತ್ತಾಳೆ. ಮಗುವಿಗೆ ಹೊರಗಿನ ಗಾಳಿ ತಾಗುವುದಿಲ್ಲ. ಮೈಗೂ ಚರ್ಮಕ್ಕೂ ನಡುವೆ ನಿಂತ ಗಾಳಿಯೇ ಅವಳ ಹೊದಿಕೆ. ಕೋಟನ್ನು ಮೈಗೆ ಅಂಟಿಸಿದರೆ ಆ ಗಾಳಿ ಹೋಯಿತು.

"ಕಾರಣವನ್ನು ನಾನು ಬರೆಯಬೇಕಿತ್ತು," ಎಂದರು. "ನನಗೆ ಕಲಿಸಿದ ಹೆಂಗಸರೂ ಕಾರಣ ಹೇಳಿರಲಿಲ್ಲ. ಒಂದು ಚಳಿಗಾಲ ತೊಟ್ಟ ಮೇಲೆ ನನಗೇ ಗೊತ್ತಾಯಿತು."

ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. "ಹಾಗಾದರೆ ಆ ನಾರ್ಸ್ ಹೆಂಗಸರು ಇದನ್ನು ನೋಡಲಿಲ್ಲವಾ? ಅಕ್ಕಪಕ್ಕದಲ್ಲೇ ಇದ್ದರಲ್ಲ. ಎಂತಕ್ಕೆ ಕಲಿಯಲಿಲ್ಲ? ಅಷ್ಟೂ ದಡ್ಡರಾ?"

"ದಡ್ಡರು ಎನ್ನಬೇಡಿ. ಗೋಡೆಯ ಮೇಲೂ ಹಾಗೆ ಬರೆಯಬಾರದು ಎಂದು ಹೇಳಿದ್ದೇನೆ," ಎಂದರು. ನಾರ್ಸ್ ಜನ ಸಮುದ್ರದ ಬೇಟೆಯನ್ನೂ ಕಲಿತಿದ್ದರು, ಸೀಲ್ ಮಾಂಸ ತಿನ್ನುತ್ತಿದ್ದರು. ಉದ್ದದ ಚಳಿಗಾಲದುದ್ದಕ್ಕೂ ಕೊಟ್ಟಿಗೆಯಲ್ಲಿ ದನ ಉಳಿಸಿಕೊಳ್ಳುತ್ತಿದ್ದರು. ಸುಲಭದ ಬದುಕಲ್ಲ ಅದು. ಆದರೆ ಅವರ ಕಣ್ಣು ಹಡಗಿನ ದಾರಿಯ ಮೇಲೆ. ಹಡಗು ಕಬ್ಬಿಣ ತರುತ್ತಿತ್ತು, ಸುದ್ದಿ ತರುತ್ತಿತ್ತು, ಊರಿನಲ್ಲಿ ಈಗ ಹೇಗೆ ತೊಡುತ್ತಾರೆ ಎಂಬುದನ್ನೂ ತರುತ್ತಿತ್ತು. ಅವರು ಮಾರುತ್ತಿದ್ದ, ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತಕ್ಕೆ ಬೇಡಿಕೆ ಇಳಿಯಿತು, ಹಡಗು ಕಡಿಮೆಯಾಯಿತು, ಚಳಿ ಹೆಚ್ಚಿತು. ಕೆಲವರು ಸತ್ತರು, ಕೆಲವರು ದೋಣಿ ಹತ್ತಿ ಹೋಗಿರಲೂಬಹುದು. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಉಳಿದುಕೊಂಡ ಇನುಯಿಟ್ ಜನರ ಬದುಕೂ ಹೂವಿನ ಹಾಸಿಗೆಯಲ್ಲ, ಬೇಟೆ ಸಿಗದ ವರ್ಷ ಅವರ ಮಕ್ಕಳೂ ಸತ್ತರು. "ಊರಿನವರ ಹಾಗೆ ಕಾಣಬೇಕು ಎನ್ನುವುದು ಹೊರಗೆ ಬಂದವರೆಲ್ಲರ ಆಸೆ. ಅದರಲ್ಲಿ ನಗುವಂಥದ್ದು ಏನಿದೆ?" ಎಂದರು.

ಅವರು ಹೇಳಿದ್ದು ನನಗೆ ಚೆನ್ನಾಗಿಯೇ ತಾಗಿತು. ಬಂಗುಡೆಯಿಂದ ಕುಚ್ಚಲಕ್ಕಿವರೆಗೆ ಎಲ್ಲವನ್ನೂ ಹಡಗು, ವಿಮಾನದಲ್ಲಿ ತರಿಸಿಕೊಂಡು ಮರಳಿನ ಮೇಲೆ ಉಳ್ಳಾಲ ಕಟ್ಟಿಕೊಂಡವರು ನಾವು. ನಾಳೆ ಹಡಗು ನಿಂತರೆ ನಾನು ಯಾವ ಕಡೆಯವಳು ಎಂದು ಹೇಳಲು ತಜ್ಞೆ ಬೇಕಾಗಿಲ್ಲ. ಪಕ್ಕದವರ ಜಾಣ್ಮೆ ನನ್ನ ಮೇಜಿನ ಮೇಲೇ ಇತ್ತು, ಪೆನ್ಸಿಲಿನಲ್ಲಿ "ದಯವಿಟ್ಟು" ಎಂದು ಬೇರೆ ಬರೆದಿತ್ತು. ನಾನು ಅದನ್ನು ನನ್ನ ಕಣ್ಣಿಗೆ ಚಂದ ಕಾಣುವಂತೆ ತಿದ್ದಿದ್ದೆ.

ಮ್ಯಾನೇಜರಿಗೆ ಫೋನ್ ಮಾಡಿದೆ. "ಕೋಟು ಕುಯ್ಯುತ್ತೇನೆ. ಭುಜ ಬಿಡಿಸಿ ದೊಡ್ಡದು ಮಾಡಬೇಕು."

"ಅಯ್ಯೋ ಮೇಡಂ, ಸೈನ್ ಆಫ್ ಆಗೋಗಿದೆ ಅದು! ಕ್ಲೈಂಟ್ ಫೋಟೋ ಕೂಡ ಹಾಕ್ಬಿಟ್ಟಿದ್ದಾರೆ. ಹಾಳಾದ್ರೆ ಬೊಂಬೆಗೂ ಇರಲ್ಲ. ಮೆಟೀರಿಯಲ್ ಇದ್ಯಾ?"

ಇರಲಿಲ್ಲ. ಬಿಳಿ ಕುರಿಚರ್ಮ ಪೂರ್ತಿ ಮುಗಿದಿತ್ತು. ಉಳಿದಿದ್ದದ್ದು ಮಾದರಿಗೆ ತರಿಸಿದ ಕಂದು ಬಣ್ಣದ ಎರಡು ತುಂಡು. ಬಿಳಿ ಕೋಟಿಗೆ ಕಂದು ತೇಪೆ. "ಕಾಣ್ತದೆ," ಎಂದೆ. "ತೇಪೆ ಹಾಕಿದ್ದು ಕಾಣ್ತದೆ. ಆದ್ರೆ ಈಗ ಕುಯ್ಯದಿದ್ರೆ ಹುಡುಗಿ ಊರಿಗೆ ಹೋಗ್ತಾಳೆ, ಅದು ನನ್ನ ತಪ್ಪಿಗೆ. ನನ್ನ ತಪ್ಪು ಅಂತ ಬರೆದು ಕೊಡ್ತೇನೆ, ನೀವು ಮೇಲಿನವರಿಗೆ ತೋರ್ಸಿ."

ಅವರು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿತು. "ಭಾನುವಾರ ಮೀಟಿಂಗ್ ಹನ್ನೊಂದಕ್ಕೆ. ಅದಕ್ಕೆ ಮುಂಚೆ ಅವರು ಇಪ್ಪತ್ತೈದು ನಿಮಿಷ ಒಳಗೆ ಕೂತರೆ ನಾನು ಮಾತಾಡ್ತೀನಿ. ಇಲ್ಲಾಂದ್ರೆ ಖಲಾಸ್."

ಹುಡುಗಿಗೆ ಅಬುಧಾಬಿಯಿಂದ ಬಸ್ಸು ಹತ್ತಲು ಹೇಳಿದೆ. ಸಂಜೆ ಬಂದವಳು ಬಾಗಿಲಲ್ಲೇ ನಿಂತಳು, ಮತ್ತೆ ಬೈಸಿಕೊಳ್ಳಲು ಬಂದವಳಂತೆ.

"ಬಾ ಮಾರಾಯ್ತಿ. ನಿನ್ನ ಕೈ ಸರಿ ಉಂಟು, ನನ್ನ ತಲೆ ಸರಿ ಇರ್ಲಿಲ್ಲ," ಎಂದೆ. "ಆವತ್ತು ಹೇಳಿದ ಮಾತು ಮನಸ್ಸಿಗೆ ಹಾಕೊಬೇಡ."

"ನನ್ನ ಅಮ್ಮ ಇದಕ್ಕಿಂತ ಜಾಸ್ತಿ ಬೈತಾರೆ ಅಕ್ಕ," ಎಂದು ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

"ಈಗ ಕೈ ಕಟ್ಟಿ ನಿಲ್ಲು. ನಿನ್ನನ್ನು ನೀನೇ ಅಪ್ಪಿಕೊ. ಗಟ್ಟಿಯಾಗಿ."

ಹಾಗೆ ಅಪ್ಪಿಕೊಂಡು ನಿಂತವರ ಅಳತೆಯನ್ನು ನಾನು ಅಲ್ಲಿಯವರೆಗೆ ತೆಗೆದಿರಲಿಲ್ಲ. ಕೈ ಚಾಚಿ ನಿಂತ ಮೈಯ ಅಳತೆಯೇ ಅಳತೆ ಎಂದುಕೊಂಡಿದ್ದೆ. ಮಡಚಿದ ಮೊಣಕೈಗಳ ಸುತ್ತ ಟೇಪು ಸುತ್ತಿದೆ. ಅವಳ ಎದೆಯ ಅಳತೆಗಿಂತ ಒಂದು ಗೇಣು ಹೆಚ್ಚು ಬಂತು. ಮೊಣಕೈ ಒಳಗೆ ಬರುವಾಗ ಎಲ್ಲಿ ತಡೆಯುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಹಳೆಯ ಹೊಲಿಗೆಯ ಮೇಲೇ ಮತ್ತೆ ಹೊಲಿಯುವ ಹಾಗಿರಲಿಲ್ಲ, ಅಲ್ಲಿ ಸಾಲು ಸಾಲು ತೂತು. ಆ ತೂತುಗಳ ಪಟ್ಟಿಯನ್ನೇ ಕತ್ತರಿಸಿ ತೆಗೆಯಬೇಕು. ಅಂದರೆ ಕೋಟು ಇನ್ನೂ ಚಿಕ್ಕದಾಗುತ್ತದೆ, ತೇಪೆ ಇನ್ನೂ ದೊಡ್ಡದಾಗಬೇಕು. ಮಾಸ್ಟರ್ ತಮ್ಮ ಕಂದೂರ ಬದಿಗಿಟ್ಟು ಬಂದರು. ಕಂದೂರದಲ್ಲಿ ತೋಳಿಗೂ ಮೈಗೂ ನಡುವೆ ಕಂಕುಳಲ್ಲಿ ಒಂದು ಚೌಕದ ತುಂಡು ಕೊಡುವುದುಂಟು. "ಇಲ್ಲಿ ಸೆಖೆಗೆ ಗಾಳಿ ಓಡಾಡ್ಲಿ ಅಂತ ಜಾಗ ಬಿಡೋದು. ಅಲ್ಲಿ ಚಳಿಗೆ ಗಾಳಿ ನಿಲ್ಲಲಿ ಅಂತ. ಬಿಡೋದು ಎರಡೂ ಕಡೆ ಜಾಗವೇ," ಎಂದು ಕಾಗದ ಮಡಚಿ ಆ ಚೌಕವನ್ನು ಗಾಳಿಪಟದಂತೆ ಉದ್ದಕ್ಕೆ ಎಳೆದು ತೋರಿಸಿದರು. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಇದೇ ಮೇಜಿನಲ್ಲಿ ಇದೇ ಮಾತು ಹೇಳಿಕೊಟ್ಟಿದ್ದರು. ಮರೆತವಳು ನಾನು.

ಶನಿವಾರ ಇಡೀ ದಿನ ಅದೇ ಕೆಲಸ. ಮೊದಲ ಭುಜಕ್ಕೆ ಬ್ಲೇಡು ಇಳಿಸಿದೆ. ಮುಗಿದ, ಒಪ್ಪಿಗೆಯಾದ, ನನ್ನದೇ ಕೋಟು. ತೇಪೆಯನ್ನು ಮೆಷಿನ್ನಿಗೆ ಕೊಡಲಿಲ್ಲ. ತಜ್ಞೆ ವಿಡಿಯೋದಲ್ಲಿ ತೋರಿಸಿದ ಹೊಲಿಗೆಯನ್ನು ಕೈಯಲ್ಲೇ ಹಾಕಿದೆ: ಮೂರು ಮೂಲೆಯ ಸೂಜಿ ಒಂದು ಚರ್ಮವನ್ನು ಪೂರ್ತಿ ತೂರಬೇಕು, ಇನ್ನೊಂದರ ಅರ್ಧ ದಪ್ಪಕ್ಕಷ್ಟೇ ಇಳಿದು ತಿರುಗಬೇಕು, ಆಗ ನೀರು ದಾಟುವ ತೂತೇ ಇರುವುದಿಲ್ಲ. ಹುಡುಗಿ ಎದುರು ಕೂತು ಕ್ಲಿಪ್ ಹಾಕಿಕೊಟ್ಟಳು, ಹೊಲಿಗೆ ನೋಡಿ ಕಲಿತಳು. ಪ್ರದರ್ಶನದಲ್ಲಿ ಅವಳು ಹಾಕಬೇಕಾಗಿದ್ದದ್ದೂ ಅದೇ ಹೊಲಿಗೆ. ಸಂಜೆಯ ಬಾಂಗಿಗೆ ಎರಡನೇ ಭುಜ ಮುಗಿಯಿತು. ಬಿಳಿ ಕೋಟಿನ ಎರಡೂ ಕಂಕುಳಲ್ಲಿ ಕಂದು ರೆಕ್ಕೆಗಳಂತೆ ತೇಪೆ ಎದ್ದು ಕಾಣುತ್ತಿತ್ತು. ನನ್ನ ಜೀವನದಲ್ಲಿ ಇಷ್ಟು ಕೆಟ್ಟದಾಗಿ ಕೂತ ಬಟ್ಟೆಯನ್ನು ನಾನು ಮಾಡಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅವಳು ಗಾಜಿನ ಕೋಣೆಗೆ ಹೋದಳು. ಒಳಗೆ ಒಂದೇ ತೆಳು ಅಂಗಿ, ಮೇಲೆ ಕೋಟು. ಮ್ಯಾನೇಜರ್ ಫೋನಿನಲ್ಲಿ ಸಮಯ ಹಾಕಿಕೊಂಡರು. ದೀಪ ಹೊತ್ತಿಸಿದಳು. ಮೊಣಕೈ ಮಡಚಿ ಕೈ ಒಳಗೆಳೆದುಕೊಂಡಳು; ಎರಡು ತೋಳು ಜೋತುಬಿದ್ದವು. ಕೈ ಒಳಗಿರುವಷ್ಟು ಹೊತ್ತೂ ಬಾಯಲ್ಲಿ ಕಥೆ ಹೇಳಿದಳು. ಕೈ ಹೊರಗೆ ತಂದು ನೂಲು ಪೋಣಿಸಿದಳು, ಮೊದಲ ಸಲಕ್ಕೇ. ನಾಲ್ಕು ಹೊಲಿಗೆ, ಮತ್ತೆ ಕೈ ಒಳಗೆ. ಹನ್ನೊಂದನೇ ನಿಮಿಷ ಬಂದಾಗ ನಾನು ಗಾಜಿನ ಕಡೆ ನೋಡಲಿಲ್ಲ, ಗೋಡೆ ನೋಡಿದೆ. ಹನ್ನೆರಡು, ಹದಿನೈದು, ಇಪ್ಪತ್ತು. ಇಪ್ಪತ್ತಾರನೇ ನಿಮಿಷಕ್ಕೆ ಮ್ಯಾನೇಜರ್ ಗಾಜು ಬಡಿದು, "ಬನ್ನಿ ಬನ್ನಿ, ಸಾಕು," ಎಂದರು. ಅವಳು ಹೊರಗೆ ಬಂದು ಬೆರಳು ಅಗಲಿಸಿ ತೋರಿಸಿದಳು. ಕೆಂಪಾಗಿದ್ದವು, ಬಿಳಿಚಿರಲಿಲ್ಲ.

ಮ್ಯಾನೇಜರ್ ಕೋಟಿನ ಕಂದು ತೇಪೆಯನ್ನು ಒಂದು ಕ್ಷಣ ದಿಟ್ಟಿಸಿದರು. "ಇದನ್ನ ಕ್ಲೈಂಟ್ ಕೇಳಿದ್ರೆ ಏನ್ ಹೇಳ್ಲಿ?"

"ಮೊದಲು ತಪ್ಪು ಮಾಡಿದ್ವು, ಮತ್ತೆ ಕಲಿತ್ವು ಅಂತ ಹೇಳಿ," ಎಂದೆ. ಅವರು ನಗುತ್ತಾ ಮೀಟಿಂಗಿಗೆ ಹೋದರು. ಬೊಂಬೆಯ ಮಾತು ಅಲ್ಲಿಗೆ ನಿಂತಿತು.

ಪ್ರದರ್ಶನ ಶುರುವಾಗಿ ಮೂರು ವಾರದ ನಂತರ ನಾನು ಮಗಳನ್ನು ಕರೆದುಕೊಂಡು ಹೋದೆ. ನಾರ್ಸ್ ನಿಲುವಂಗಿಯ ಬೊಂಬೆಯ ಎದುರು ಸ್ವಲ್ಪ ಹೊತ್ತು ನಿಂತೆ. ಅದರ ಹಿಂದಿನ ಗೋಡೆಯಲ್ಲಿ ಯಾರನ್ನೂ ದಡ್ಡರು ಎಂದು ಬರೆದಿರಲಿಲ್ಲ. ಗಾಜಿನ ಕೋಣೆಯ ಹೊರಗೆ ಯಾವುದೋ ಶಾಲೆಯ ಮಕ್ಕಳು ಕಿಕ್ಕಿರಿದಿದ್ದರು. ಒಳಗೆ ಹುಡುಗಿ ಕೈ ಮಾಯ ಮಾಡುತ್ತಿದ್ದಂತೆ ಅವರೆಲ್ಲ ಹಾಲ್‌ನ ಎ.ಸಿ. ತಂಪಿನಲ್ಲಿ ಯೂನಿಫಾರ್ಮಿನ ಟೀ ಶರ್ಟಿನೊಳಗೆ ಕೈ ಎಳೆದುಕೊಂಡು, ಖಾಲಿ ತೋಳು ಬೀಸುತ್ತಾ ಕೇಕೆ ಹಾಕಿದರು. ನನ್ನ ಮಗಳು ಅವರಿಗಿಂತ ಮೊದಲೇ ಒಳಗೆಳೆದುಕೊಂಡಿದ್ದಳು.

ಹುಡುಗಿ ನನ್ನನ್ನು ಕಂಡು ಗಾಜಿನೊಳಗಿನಿಂದಲೇ ಕರೆದಳು. ಅವಳ ಕೊರಳಲ್ಲಿ ಹೊಸ ಗುರುತುಚೀಟಿ ಇತ್ತು, ಖಾಯಂ ನೌಕರರದು. ಬಾಗಿಲಲ್ಲಿ ಕೊಡುವ ಜಾಕೆಟ್ ಸಾಲ ಪಡೆಯಲು ನನಗೆ ಮನಸ್ಸಾಗಲಿಲ್ಲ; ಯಾರದೋ ಅಳತೆಯ ಜೋಲು ಜಾಕೆಟ್. ಎರಡೇ ನಿಮಿಷ ತಾನೇ ಎಂದು ನನ್ನ ಅಬಾಯದಲ್ಲೇ ಒಳಗೆ ಹೋದೆ. ಚಳಿ ಕಪಾಳಕ್ಕೆ ಹೊಡೆಯಿತು. ಕೈ ಒಳಗೆಳೆದುಕೊಳ್ಳೋಣವೆಂದು ಮೊಣಕೈ ಮಡಚಿದೆ. ನಾನೇ ಕತ್ತರಿಸಿದ ತೋಳು, ಕೂಡಿಸಿಟ್ಟ ಹಾಗೆ ಕೂತಿತ್ತು. ಮೊಣಕೈ ಕಂಕುಳಲ್ಲಿ ಸಿಕ್ಕಿಬಿತ್ತು. ಕೈಗಳನ್ನು ಎಲ್ಲಿ ಇಡುವುದೆಂದು ನಿಜಕ್ಕೂ ತಿಳಿಯಲಿಲ್ಲ.

ಹುಡುಗಿ ನೋಡುತ್ತಿದ್ದಳು. ನಗಲಿಲ್ಲ. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದು, ಕೋಟಿನ ಕೆಳಗಿನಿಂದ ಒಳಗೆ ಎಳೆದುಕೊಂಡು ತನ್ನ ಅಂಗೈಗಳ ನಡುವೆ ಇಟ್ಟುಕೊಂಡಳು. ಒಳಗೆ ಒಲೆಯ ಬದಿಯಷ್ಟು ಬೆಚ್ಚಗಿತ್ತು.

"ಬಿಡು, ನಿನಗೆ ಚಳಿ ಆಗ್ತದೆ," ಎಂದೆ.

"ಇಲ್ಲ ಅಕ್ಕ," ಎಂದಳು. "ಜಾಗ ಉಂಟು."